ಹನ್ನೊಂದನೆಯ ಬಣ್ಣ

ಬಂದರಿನ ಆಫೀಸಿನ ಎರಡನೇ ಮಾಳಿಗೆ.
ಗೇರುಬೀಜದ ಧಣಿ ಕೊಟ್ಟ ನಕ್ಷೆ ಮೇಜಿನ ಮೇಲೆ ಹಾಸಿದೆ,
ಆಕಾಶದಿಂದ ಯಾರೋ ಕಂಡ ನಮ್ಮ ಮಂಗಳೂರು.
ಮೂಲೆಯಲ್ಲಿ ಬಣ್ಣಗಳ ಪಟ್ಟಿ:
ಕಾಡಿಗೆ ಹಸಿರು, ಗುರುಪುರ ಹೊಳೆಗೆ ನೀಲಿ, ಫ್ಲ್ಯಾಟುಗಳಿಗೆ ಬೂದು.
ಹನ್ನೊಂದನೆಯದು ಸುಟ್ಟ ಹಂಚಿನ ಬಣ್ಣ.
ಎದುರಿಗೆ ಬರೆದಿದೆ: ಬರಿ ಮಣ್ಣು.

ಮೊಜಾಂಬಿಕಿನವರಿಗೆ ಕನ್ನಡ ಬಾರದು.
ಅಲ್ಲೂ ಇಂಥದೇ ಗುಡ್ಡವಂತೆ, ಇಂಥದೇ ಗೇರು.
ಐದು ಗಂಟೆಯೊಳಗೆ ಎಲ್ಲ ಬಣ್ಣಕ್ಕೂ ಪೋರ್ಚುಗೀಸು ಬೇಕು.

ಹಡಗಿನಲ್ಲಿ ಬಂದವರು ನಮಗೆ ಮೇಜು ಕೊಟ್ಟರು,
ಚಾವಿ, ಜನೇಲು, ಸಾಬೂನು,
ತಿಂಗಳ ಕೊನೆಗೆ ಎಣಿಸುವ ಪಗಾರ.
ಮಣ್ಣಿಗೆ ಮಾತ್ರ ಹೆಸರು ತರಲಿಲ್ಲ.
ಅದು ಇಲ್ಲೇ ಇತ್ತಲ್ಲ.

ಬೊನಿಫಾಸ್ ಆಬ್‌ಗೆ ಫೋನು ಹಚ್ಚಿದೆ.
ಮೂವತ್ತು ವರ್ಷ ಆ ದೇಶದ ಧಕ್ಕೆಯಲ್ಲಿ ಮೂಟೆ ಎಣಿಸಿದವರು,
ನನಗೆ ಭಾಷೆ ಕಲಿಸಿದವರು, ಕೆಮ್ಮುತ್ತ.
"ಸೋಲು ನೂ," ಅಂದರು.
"ಸೋಲು ಮಣ್ಣು, ನೂ ಬತ್ತಲೆ."
ಮಣ್ಣಿಗೆ ಸೋಲು ಅನ್ನುವ ಜನ! ನಗು ಬಂತು.
"ನಗಬೇಡ. ನೆಲಕ್ಕೆ ಯಾವ ದರ್ಜಿ ಅಂಗಿ ಹೊಲಿದಿದ್ದ,
ಬತ್ತಲೆ ಅನ್ನಲಿಕ್ಕೆ? ಬೇರೊಂದಿದೆ, ಬರಕೋ."

ಪೋಜೀಯು. ಬೆಳೆ ತೆಗೆದ ಮೇಲೆ ಮಲಗಿಸಿದ ಗದ್ದೆ.
ಅದು ನಮ್ಮ ಹಡಿಲು, ತುಳುವಿನ ಪಡಿಲ್,
ರೈಲು ನಿಲ್ಲುವ ಪಡೀಲಿನಲ್ಲಿ
ಈಗ ಯಾವ ಗದ್ದೆಯೂ ಮಲಗಿಲ್ಲ.
ಆದರೆ ಹಡಿಲಿಗೆ ಒಬ್ಬ ಯಜಮಾನ ಇರುತ್ತಾನೆ,
ಮುಂದಿನ ಮಳೆಗೆ ಬರುತ್ತಾನೆ. ಇದು ಅದಲ್ಲ.

"ಹಾಗಾದರೆ ಸೋಲು ಶ್ಪೋಷ್ತು.
ಶ್ಪೋಷ್ತು ಅಂದರೆ ಹೊರಗೆ ಇಟ್ಟದ್ದು, ಬಿಸಿಲಿಗೆ, ಗಾಳಿಗೆ.
ಹಿಂದೆ..." ಒಮ್ಮೆ ಕೆಮ್ಮಿದರು,
"ಹಿಂದೆ ಮಠದ ಬಾಗಿಲಲ್ಲಿ ಬಿಟ್ಟು ಹೋದ ಶಿಶುವಿಗೂ
ಅದೇ ಮಾತು ಹೇಳುತ್ತಿದ್ದರು."
ಆಮೇಲೆ ನೆನಪಾಗಿರಬೇಕು, ಯಾರ ಹತ್ತಿರ ಮಾತಾಡುತ್ತಿದ್ದಾರೆ ಅಂತ.
ಗಂಜಿ ಆರುತ್ತದೆ ಎಂದು ಫೋನು ಇಟ್ಟರು.

ಜೆಪ್ಪುವಿನ ಮಾದ್ರಿಗಳ ರಿಜಿಸ್ಟರಿನಲ್ಲಿ
ನನ್ನ ಹೆಸರಿದೆ, ತೂಕವಿದೆ,
ಊರು ಎಂಬಲ್ಲಿ ಒಂದು ಅಡ್ಡಗೀಟು.
ಅಂಗಳ ಗುಡಿಸುವ ದೆಯ್ಯಕ್ಕನನ್ನು
ಹತ್ತು ವರ್ಷವಾದಾಗ ಕೇಳಿದ್ದೆ.
ಅವಳು ಹಿಡಿಸೂಡಿ ಕುಟ್ಟಿ ಕಡ್ಡಿ ಸರಿಮಾಡಿಕೊಂಡು ಹೇಳಿದಳು:

"ಹಿಂದಿನ ಸಂಜೆ ಗುಡಿಸಿದ ಗೀರು ಹಾಗೇ ಇತ್ತು ಮಾರಾಯ್ತಿ,
ಬಾಚಿದ ತಲೆಯ ಹಾಗೆ.
ಅದರ ಮೇಲೆ ಹೆಜ್ಜೆ. ಬರಿಗಾಲು, ಸಣ್ಣದು.
ಗೇಟಿನಿಂದ ಜಗಲಿಗೆ ಒಂದೇ ಓಟ.
ಜಗಲಿಯಿಂದ ಗೇಟಿಗೆ ಮಾತ್ರ
ಮೂರು ಕಡೆ ನಿಂತಿತ್ತು.
ಒಂದು ಕಡೆ ಬೆರಳು ಹಿಂದಕ್ಕೆ ತಿರುಗಿತ್ತು."

ಆಮೇಲೆ?
"ಆಮೇಲೆಂತ? ಏಳು ಗಂಟೆಗೆ ಪೂಜೆ, ಜನ ಬರುತ್ತಾರೆ.
ಗುಡಿಸಿದೆ."

ಉಪಗ್ರಹಕ್ಕೆ ಆ ಅಂಗಳವೂ ಹನ್ನೊಂದನೆಯ ಬಣ್ಣ.
ದಿನಾ ಒಬ್ಬಳು ಬಗ್ಗಿ ಬಗ್ಗಿ ಬರಿದಾಗಿಟ್ಟ ಮಣ್ಣು
ಅಂತ ಅದಕ್ಕೆ ಹೇಗೆ ಗೊತ್ತು.
ಹುಲ್ಲು ಬೆಳೆದಿದ್ದರೆ ಹೆಜ್ಜೆ ಮೂಡುತ್ತಿರಲಿಲ್ಲ,
ಸಿಮೆಂಟು ಹಾಕಿದ್ದರೆ ನಿಂತದ್ದು ತಿಳಿಯುತ್ತಿರಲಿಲ್ಲ.

ನಾಲ್ಕು ಐವತ್ತು. ಧಣಿಯ ಹುಡುಗ ಬಾಗಿಲಲ್ಲಿ ನಿಂತಿದ್ದಾನೆ.
ಕಂಪನಿಯವರು ಒಪ್ಪುವ ಶಬ್ದ ಬರೆದೆ: ಸೋಲು ಶ್ಪೋಷ್ತು,
ಅವರ ಅಕ್ಷರದಲ್ಲಿ, ಅವರ ಕಾಗುಣಿತದಲ್ಲಿ.
ಕನ್ನಡದ ಸಾಲಿನಲ್ಲಿ 'ಬರಿ ಮಣ್ಣು' ಹೊಡೆದು
'ಅಂಗಳ' ಎಂದು ಬರೆದೆ,
ತಪ್ಪು ಎಂದು ಗೊತ್ತಿತ್ತು,
ಅಳಿಸಿದೆ.

ಕಾಗದ ಅಲ್ಲಿ ಸ್ವಲ್ಪ ತೆಳ್ಳಗಾಗಿದೆ.
ಬೆಳಕಿಗೆ ಹಿಡಿದರೆ
ಪೆನ್ಸಿಲು ಎಲ್ಲಿ ಎಲ್ಲಿ ನಿಂತಿತ್ತು ಅಂತ ಕಾಣುತ್ತದೆ.